ವರ್ಷಗಳ ಹಿಂಸೆಗೆ ಕಾನೂನಿನಲ್ಲಿ ಜಾಗವೆಲ್ಲಿ? ಭಾರತದ ಕಾನೂನು ಆಯೋಗಕ್ಕೊಂದು ಬಹಿರಂಗ ಪತ್ರ

ಭಾರತದ ಕಾನೂನು ಆಯೋಗದ ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಜಿಲ್ಲಾ ನ್ಯಾಯಾಲಯವೊಂದರಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲೆ ನಾನು. ಉಚಿತ ಕಾನೂನು ನೆರವಿನ ಮೂಲಕ ನನ್ನ ಕೈಗೆ ಬರುವ ಕೊಲೆ ಪ್ರಕರಣಗಳಲ್ಲಿ ಆಗೊಮ್ಮೆ ಈಗೊಮ್ಮೆ ಹೆಂಗಸರೂ ಆರೋಪಿಗಳಾಗಿರುತ್ತಾರೆ. ಅವರಲ್ಲಿ ಕೆಲವರು ವರ್ಷಗಟ್ಟಲೆ ತಮ್ಮನ್ನು ಹೊಡೆದು ಬಡಿದು ಹಿಂಸಿಸಿದ ಗಂಡನನ್ನೇ ಕೊಂದವರು. ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮಿನ ಮೊದಲನೇ ಅಪವಾದ, ಅಂದರೆ ಕೊಲೆಯನ್ನು ಕೊಲೆಯಲ್ಲದ ದಂಡನೀಯ ನರಹತ್ಯೆಯೆಂದು ಪರಿಗಣಿಸಲು ಅವಕಾಶ ಕೊಡುವ ‘ತೀವ್ರ ಮತ್ತು ಹಠಾತ್ ಪ್ರಚೋದನೆ’ಯ ನಿಯಮ, ಇಂಥ ಹೆಂಗಸರ ಪಾಲಿಗೆ ಇದ್ದೂ ಇಲ್ಲದಂತಾಗಿದೆ ಎಂಬುದನ್ನು ತಮ್ಮ ಗಮನಕ್ಕೆ ತಂದು, ಅದರ ತಿದ್ದುಪಡಿಗೆ ಸರ್ಕಾರಕ್ಕೆ ಶಿಫಾರಸು ಮಾಡಬೇಕೆಂದು ಕೋರುವುದೇ ಈ ಪತ್ರದ ಉದ್ದೇಶ.

ನನ್ನ ಕೋರಿಕೆಗೆ ಆಧಾರವಾಗಿ ನಮ್ಮ ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕಟಕಟೆ ಹತ್ತಿದ ಕಿರಣ್‌ಜೀತ್ ಅಹ್ಲುವಾಲಿಯಾ ಅವರ ಪ್ರಕರಣವನ್ನು ತಮ್ಮ ಮುಂದಿಡುತ್ತೇನೆ. ಅದು ಹಳೆಯದು, ಪರದೇಶದ್ದು. ಆದರೂ ನಮ್ಮ ಅಪವಾದದ ಬೇರುಗಳು ಆ ದೇಶದ ನ್ಯಾಯಪದ್ಧತಿಯಲ್ಲೇ ಇವೆ. ಅಲ್ಲಿನವರು ಆ ಪ್ರಕರಣದಿಂದ ಪಾಠ ಕಲಿತು ಕಾನೂನನ್ನು ಬದಲಿಸಿಕೊಂಡರು, ನಾವು 2023ರಲ್ಲಿ ಸಂಹಿತೆಯನ್ನೇ ಹೊಸದಾಗಿ ಬರೆದಾಗಲೂ ಬದಲಿಸಲಿಲ್ಲ.

ಕಿರಣ್‌ಜೀತ್ 1979ರಲ್ಲಿ ಮದುವೆಯಾಗಿ ಗಂಡನೊಂದಿಗೆ ಇಂಗ್ಲೆಂಡಿನ ಕ್ರಾಲಿ ಎಂಬ ಊರಿನಲ್ಲಿ ನೆಲೆಸಿದರು. ಪದವೀಧರೆ, ಕೃಶ ದೇಹದ ಹೆಂಗಸು, ಇಬ್ಬರು ಗಂಡುಮಕ್ಕಳ ತಾಯಿ. ಮದುವೆಯಾದಂದಿನಿಂದಲೇ ಶುರುವಾದ ಹೊಡೆತ ಹತ್ತು ವರ್ಷ ನಿಲ್ಲಲಿಲ್ಲ. ಅವರು ಸುಮ್ಮನೆ ಸಹಿಸಿಕೊಂಡಿದ್ದರು ಎನ್ನುವ ಹಾಗೂ ಇಲ್ಲ. ಗಂಡ ತನ್ನ ಮೇಲೆ ಕೈ ಮಾಡದಂತೆ ಎರಡು ಬಾರಿ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿದ್ದರು. ಆಜ್ಞೆಗಳು ಕಾಗದದಲ್ಲಿ ಉಳಿದವು, ಹೊಡೆತ ಮನೆಯಲ್ಲಿ ಮುಂದುವರಿಯಿತು.

ಆ ಪ್ರಕರಣದ ದಾಖಲೆಗಳಲ್ಲಿ ಒಂದು ಪತ್ರವಿದೆ. 1989ರಲ್ಲಿ, ಘಟನೆಗೆ ಕೆಲವೇ ವಾರಗಳ ಮುಂಚೆ, ಗಂಡ ಮನೆ ಬಿಟ್ಟು ಹೋದಾಗ ಕಿರಣ್‌ಜೀತ್ ಅವನಿಗೆ ಬರೆದದ್ದು. ನೀನು ಮರಳಿ ಬಂದರೆ ನಾನು ಇನ್ನು ಕಪ್ಪು ಕಾಫಿ ಕುಡಿಯುವುದಿಲ್ಲ, ಹಸಿಮೆಣಸಿನಕಾಯಿ ತಿನ್ನುವುದಿಲ್ಲ, ಕೂದಲಿಗೆ ಬಣ್ಣ ಹಚ್ಚುವುದಿಲ್ಲ, ನೆರೆಮನೆಗೆ ಹೋಗುವುದಿಲ್ಲ, ನಿನಗೆ ಇಷ್ಟವಿಲ್ಲದಿದ್ದರೆ ನಗುವುದೂ ಇಲ್ಲ ಎಂದು ಅವರು ಅದರಲ್ಲಿ ಒಂದೊಂದಾಗಿ ಮಾತು ಕೊಟ್ಟಿದ್ದಾರೆ. ವಿದ್ಯಾವಂತ ಹೆಣ್ಣೊಬ್ಬಳು ತನ್ನ ನಗುವನ್ನೂ ಬಿಟ್ಟುಕೊಡಲು ಸಿದ್ಧಳಾಗುವ ಹೊತ್ತಿಗೆ ಅವಳಿಗೆ ಏನೇನಾಗಿರಬಹುದು ಎಂಬುದನ್ನು ಅಳೆಯಲು ಯಾವ ವೈದ್ಯಕೀಯ ಪ್ರಮಾಣಪತ್ರಕ್ಕಿಂತಲೂ ಈ ಪತ್ರ ಹೆಚ್ಚು ಸಹಾಯ ಮಾಡುತ್ತದೆ ಎಂದು ನಾನು ನಂಬಿದ್ದೇನೆ.

1989ರ ಮೇ 8ರ ರಾತ್ರಿ ಗಂಡ ಹಣಕ್ಕಾಗಿ ಪೀಡಿಸಿದ, ಕೊಡದಿದ್ದರೆ ಹೊಡೆಯುವುದಾಗಿ ಬೆದರಿಸಿದ, ಕಾದ ಇಸ್ತ್ರಿಪೆಟ್ಟಿಗೆಯನ್ನು ಅವರ ಮುಖದ ಬಳಿ ಹಿಡಿದ. ನಂತರ ಹೋಗಿ ಮಲಗಿದ. ನಡುರಾತ್ರಿ ಕಳೆದ ಮೇಲೆ ಕಿರಣ್‌ಜೀತ್, ಕೆಲವು ದಿನಗಳ ಹಿಂದೆಯೇ ತಂದಿಟ್ಟಿದ್ದ ಪೆಟ್ರೋಲನ್ನು ಅವನ ಕೋಣೆಯೊಳಗೆ ಎರಚಿ ಬೆಂಕಿ ಹಚ್ಚಿದರು. ಮನೆ ಹೊತ್ತಿ ಉರಿಯುತ್ತಿರುವಾಗ ಅವರು ಮಗನನ್ನು ಅವಚಿಕೊಂಡು ಕೆಳಮಹಡಿಯ ಕಿಟಕಿಯ ಬಳಿ ಶೂನ್ಯದೃಷ್ಟಿಯಿಂದ ನಿಂತಿದ್ದುದನ್ನು ನೆರೆಯವರು ನೋಡಿದರು. ಸುಟ್ಟಗಾಯಗಳಿಂದ ನರಳಿದ ಗಂಡ ಕೆಲವು ದಿನಗಳ ಬಳಿಕ ಸತ್ತ. ಆ ಸಾವು ಭೀಕರವಾದದ್ದು. ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ, ಹಾಗೆ ಮಾಡುವುದು ಸರಿಯೂ ಅಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಲೂಯಿಸ್ ನಗರದ ಕ್ರೌನ್ ನ್ಯಾಯಾಲಯ ಅವರಿಗೆ ಕೊಲೆ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆ ವಿಧಿಸಿತು. ವಿಚಾರಣೆ ನಡೆದ ರೀತಿಯನ್ನು ತಾವು ದಯವಿಟ್ಟು ಗಮನಿಸಬೇಕು. ಅವರು ಸಾಕ್ಷಿ ನುಡಿಯಲೇ ಇಲ್ಲ. ಅವರ ಮನಸ್ಥಿತಿಯ ಬಗ್ಗೆ ವೈದ್ಯಕೀಯ ವರದಿಯೊಂದಿದ್ದರೂ ಅದನ್ನು ಆಧರಿಸಿ ಅವರ ಪರವಾಗಿ ವಾದ ಮಂಡಿಸಲಿಲ್ಲ. ಪ್ರಚೋದನೆಯ ಪ್ರಶ್ನೆ ಬಂದಾಗ, ಆರೋಪಿಯ ಯಾವ ಲಕ್ಷಣಗಳನ್ನು ಗಣನೆಗೆ ತೆಗೆದುಕೊಳ್ಳಬೇಕು ಎಂದು ಜ್ಯೂರಿಗೆ, ಅಂದರೆ ಆರೋಪಿ ತಪ್ಪಿತಸ್ಥರೇ ಎಂದು ನಿರ್ಧರಿಸುವ ನಾಗರಿಕರ ಮಂಡಲಿಗೆ, ವಿವರಿಸಿದ ನ್ಯಾಯಾಧೀಶರು, ಆಕೆ ಏಷ್ಯಾದ ಹೆಂಗಸು, ಮದುವೆಯಾದವಳು, ಪದವೀಧರೆ ಎಂಬಷ್ಟನ್ನು ಹೇಳಿದರು. ಹತ್ತು ವರ್ಷ ಪೆಟ್ಟು ತಿಂದವಳು ಎಂಬುದು ಆ ಲಕ್ಷಣಗಳ ಸಾಲಿನಲ್ಲಿ ಸೇರಲಿಲ್ಲ. ಗಂಡ ಮಲಗಿದ್ದ ಹೊತ್ತು ಮತ್ತು ಮೊದಲೇ ತಂದಿಟ್ಟಿದ್ದ ಪೆಟ್ರೋಲು, ಇವೆರಡೇ ಆಕೆಯ ಇಡೀ ಬದುಕಿಗಿಂತ ದೊಡ್ಡ ಸಾಕ್ಷ್ಯಗಳಾಗಿಬಿಟ್ಟವು.

ಇದಕ್ಕೆ ಒಬ್ಬ ನ್ಯಾಯಾಧೀಶರನ್ನು ದೂಷಿಸಿ ಪ್ರಯೋಜನವಿಲ್ಲ. ಅವರ ಕೈ ಕಟ್ಟಿದ್ದು 1949ರ ಡಫಿ ಪ್ರಕರಣದ ಸೂತ್ರ. ಆ ಪ್ರಕರಣದ ಆರೋಪಿಯೂ ಗಂಡನ ಹಿಂಸೆಗೆ ಗುರಿಯಾಗಿದ್ದ, ಹಾಸಿಗೆಯಲ್ಲಿದ್ದ ಗಂಡನನ್ನು ಕೊಂದ ಹೆಂಗಸೇ ಎಂಬುದು ಗಮನಾರ್ಹ. ಅಲ್ಲಿ ನ್ಯಾಯಮೂರ್ತಿ ಡೆವ್ಲಿನ್ ಅವರು ಪ್ರಚೋದನೆಯೆಂದರೆ ಆತ್ಮಸಂಯಮವನ್ನು ಹಠಾತ್ತಾಗಿ, ತಾತ್ಕಾಲಿಕವಾಗಿ ಕಳೆದುಕೊಳ್ಳುವಂತೆ ಮಾಡುವ ಕೃತ್ಯ ಎಂದು ವ್ಯಾಖ್ಯಾನಿಸಿದರು. ಯೋಚಿಸಲು, ಸೇಡಿನ ಭಾವ ಹುಟ್ಟಲು ಸಮಯ ಸಿಕ್ಕಿದ್ದರೆ ಅದು ಪ್ರಚೋದನೆಯಲ್ಲ ಎಂದರು. ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸರಿಸಮ ಬಲದ ಇಬ್ಬರು ಗಂಡಸರ ನಡುವೆ ಜಗಳ ಹತ್ತಿ, ಒಬ್ಬನ ರಕ್ತ ಕುದಿದು, ಕೈ ಮೇಲೇಳುವ ಸನ್ನಿವೇಶಕ್ಕೆ ಈ ಸೂತ್ರ ಚೆನ್ನಾಗಿ ಹೊಂದುತ್ತದೆ. ಎದುರಿಗೆ ನಿಂತು ತಿರುಗಿ ಹೊಡೆದರೆ ತಾನೇ ಸಾಯುವುದು ಖಚಿತವೆಂದು ಅನುಭವದಿಂದ ಬಲ್ಲ ಹೆಂಗಸಿನ ಮಟ್ಟಿಗೆ ಅದು ಅನ್ವಯವಾಗುವುದೇ ಇಲ್ಲ. ಅವಳ ಭಯ ಮತ್ತು ಆಕ್ರೋಶ ಕ್ಷಣದಲ್ಲಿ ಭುಗಿಲೆದ್ದು ಆರುವಂಥದ್ದಲ್ಲ. ದಿನದಿನವೂ ಒಳಗೊಳಗೇ ಕಟ್ಟುತ್ತಾ ಹೋಗಿ, ಅವನು ನಿದ್ದೆ ಹೋದಾಗಲೋ ಕುಡಿದು ಬಿದ್ದಾಗಲೋ ಹೊರಬರುತ್ತದೆ. ಕಾನೂನು ಆ ವಿಳಂಬವನ್ನು ತಣ್ಣನೆಯ ಸಂಚು ಎಂದು ಓದುತ್ತದೆ.

ಕಿರಣ್‌ಜೀತ್ ಪರವಾಗಿ ಲಂಡನ್ನಿನ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಘಟನೆಯ ಹೆಣ್ಣುಮಕ್ಕಳು ಬೀದಿಗಿಳಿದರು. 1992ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿ ಮರುವಿಚಾರಣೆಗೆ ಆದೇಶಿಸಿತು; ಸೆಪ್ಟೆಂಬರಿನಲ್ಲಿ ಕೊಲೆಯಲ್ಲದ ನರಹತ್ಯೆಯ ತಪ್ಪೊಪ್ಪಿಗೆಯನ್ನು ಒಪ್ಪಿಕೊಂಡು, ಆಗಲೇ ಅನುಭವಿಸಿದ್ದ ಅವಧಿಗೆ ಸರಿಯಾಗಿ ಮೂರು ವರ್ಷ ನಾಲ್ಕು ತಿಂಗಳ ಶಿಕ್ಷೆ ವಿಧಿಸಿ ಅವರನ್ನು ಬಿಡುಗಡೆ ಮಾಡಲಾಯಿತು. ಇದನ್ನು ಗೆಲುವೆಂದೇ ಎಲ್ಲರೂ ನೆನೆಯುತ್ತಾರೆ, ನಿಜ. ಆದರೆ ವಕೀಲೆಯಾಗಿ ಆ ತೀರ್ಪನ್ನು ಓದಿದಾಗ ನನಗೆ ಸಮಾಧಾನವಾಗಲಿಲ್ಲ. ವಿಳಂಬವಾದ ಮಾತ್ರಕ್ಕೆ ಪ್ರಚೋದನೆಯ ವಾದ ಬಿದ್ದುಹೋಗಬೇಕಿಲ್ಲ ಎಂದು ನ್ಯಾಯಾಲಯ ಹೇಳಿತಾದರೂ, ‘ಹಠಾತ್’ ಎಂಬ ಷರತ್ತನ್ನು ಕೈಬಿಡಲು ಒಪ್ಪಲಿಲ್ಲ. ಅದು ಸಂಸತ್ತಿನ ಕೆಲಸ ಎಂದಿತು. ಆಕೆ ಹೊರಬಂದದ್ದು ‘ಕುಂದಿದ ಹೊಣೆಗಾರಿಕೆ’ ಎಂಬ ಬೇರೊಂದು ಬಾಗಿಲಿನಿಂದ. ಅಂದರೆ, ತೀವ್ರ ಖಿನ್ನತೆಯಿಂದ ಆಕೆಯ ಮಾನಸಿಕ ಹೊಣೆಗಾರಿಕೆ ಕುಗ್ಗಿತ್ತು ಎಂಬ ಕಾರಣಕ್ಕೆ. ಅಳತೆಗೋಲು ಸರಿಯಿದೆ, ಹೆಂಗಸಿನ ಮನಸ್ಸೇ ಸರಿಯಿರಲಿಲ್ಲ ಎಂದು ಹೇಳಿದಂತಾಯಿತು.

ಆ ಬಾಗಿಲು ಕೂಡ ಅಲ್ಲಿ ಸುಲಭವಾಗಿ ತೆರೆದದ್ದಲ್ಲ. 1955ರ ಜುಲೈ 13ರಂದು ರೂತ್ ಎಲಿಸ್ ಎಂಬ ತರುಣಿಯನ್ನು ಲಂಡನ್ನಿನ ಹಾಲೋವೇ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಆಕೆ ಗುಂಡಿಟ್ಟು ಕೊಂದ ಪ್ರಿಯಕರ ಆಕೆಯನ್ನು ಹೊಡೆಯುತ್ತಿದ್ದ. ಆದರೆ ಪ್ರಚೋದನೆಯ ಪ್ರಶ್ನೆಯನ್ನು ಪರಿಗಣಿಸಲು ಜ್ಯೂರಿಗೆ ಅವಕಾಶವನ್ನೇ ಕೊಡಲಿಲ್ಲ. ಬ್ರಿಟನ್ನಿನಲ್ಲಿ ಗಲ್ಲಿಗೇರಿದ ಕೊನೆಯ ಮಹಿಳೆ ಅವಳು. ಆ ಸಾವಿನಿಂದ ಎದ್ದ ಜನಾಕ್ರೋಶದ ಬೆನ್ನಲ್ಲೇ, 1957ರ ಕಾಯಿದೆಯಲ್ಲಿ ಕುಂದಿದ ಹೊಣೆಗಾರಿಕೆಯ ನಿಯಮ ಬಂತು.

ನಮ್ಮಲ್ಲಿ ಆ ನಿಯಮವೂ ಇಲ್ಲ. ಚಿತ್ತಸ್ವಾಸ್ಥ್ಯವಿಲ್ಲದವರಿಗೆ ರಕ್ಷಣೆ ಕೊಡುವ ಸಂಹಿತೆಯ 22ನೇ ಕಲಂ, ತಾನೇನು ಮಾಡುತ್ತಿದ್ದೇನೆ ಎಂಬುದನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದನ್ನಾಗಲಿ ಅರಿಯಲಾರದವರಿಗೆ ಮಾತ್ರ ದಕ್ಕುತ್ತದೆ. ಹಾಗಾಗಿ ಕಿರಣ್‌ಜೀತ್ ಇಂದು ನಮ್ಮ ಯಾವುದೇ ಸೆಷನ್ಸ್ ನ್ಯಾಯಾಲಯದಲ್ಲಿ ನಿಂತಿದ್ದರೆ ಹೊರಬರಲು ಅವರಿಗೆ ಯಾವ ಬಾಗಿಲೂ ಇರುತ್ತಿರಲಿಲ್ಲ. ಪಂಜಾಬಿನ ಹೆಣ್ಣುಮಗಳಿಗೆ ಪರದೇಶದಲ್ಲಿ ಕೊನೆಗಾದರೂ ದೊರೆತ ನ್ಯಾಯ ತವರಿನಲ್ಲಿ ದೊರೆಯುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಗುತ್ತದೆ.

ಡಫಿ ಸೂತ್ರ ನಮ್ಮ ದೇಶಕ್ಕೆ ಬಂದದ್ದು ಒಬ್ಬ ಗಂಡಸಿನ ಪ್ರಕರಣದ ಮೂಲಕ. 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ, ಹೆಂಡತಿ ತನ್ನ ಸಂಬಂಧವನ್ನು ಒಪ್ಪಿಕೊಂಡ ಮೇಲೆ ಕುಟುಂಬವನ್ನು ಸಿನಿಮಾ ಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ ಸುಳ್ಳು ನೆಪ ಹೇಳಿ ರಿವಾಲ್ವರ್ ಪಡೆದು, ಅವಳ ಪ್ರಿಯಕರನ ಮನೆಗೆ ಹೋಗಿ ಅವನನ್ನು ಕೊಂದರು. ಜ್ಯೂರಿ ಎಂಟಕ್ಕೆ ಒಂದರ ಬಹುಮತದಿಂದ ಅವರನ್ನು ನಿರಪರಾಧಿ ಎಂದಿತು. ಮುಂಬಯಿ ಹೈಕೋರ್ಟ್ ಅದನ್ನು ತಳ್ಳಿಹಾಕಿ ಜೀವಾವಧಿ ಶಿಕ್ಷೆ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟ್ ಡಫಿ ತೀರ್ಪನ್ನು ಉಲ್ಲೇಖಿಸಿಯೇ, ನಡುವೆ ಸುಮಾರು ಮೂರು ಗಂಟೆ ಕಳೆದಿದ್ದರಿಂದ ಅದು ಹಠಾತ್ ಪ್ರಚೋದನೆಯಲ್ಲ ಎಂದು ಶಿಕ್ಷೆಯನ್ನು ಖಾಯಂ ಮಾಡಿತು. ನಾನಾವತಿಯವರ ವಿಷಯದಲ್ಲಿ ಆ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅವರಿಗೆ ಪತ್ರಿಕೆಗಳ ಬೆಂಬಲವಿತ್ತು, ನೌಕಾಪಡೆಯ ಬೆಂಬಲವಿತ್ತು, 1964ರಲ್ಲಿ ರಾಜ್ಯಪಾಲರ ಕ್ಷಮಾದಾನವೂ ಸಿಕ್ಕಿತು. ಅವರ ತೀರ್ಪಿನಲ್ಲಿ ಗಟ್ಟಿಯಾದ ಗಡಿಯಾರದ ಲೆಕ್ಕ ಮಾತ್ರ, ಯಾವ ಬೆಂಬಲವೂ ಇಲ್ಲದ ಹೆಂಗಸರ ಮೇಲೆ ಅಂದಿನಿಂದ ಇಂದಿನವರೆಗೂ ಹೇರಿಕೆಯಾಗುತ್ತಲೇ ಇದೆ.

ಅದೇ ತೀರ್ಪಿನಲ್ಲಿ ಒಂದು ಒಳ್ಳೆಯ ಮಾತೂ ಇದೆ ಎಂಬುದನ್ನು ಮರೆಮಾಚುವುದಿಲ್ಲ. ಸತ್ತವನ ಹಿಂದಿನ ಕೃತ್ಯಗಳಿಂದ ಆರೋಪಿಯ ಮನಸ್ಸಿನಲ್ಲಿ ಮೂಡಿದ ಹಿನ್ನೆಲೆಯನ್ನೂ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದರ ಎಳೆ ಹಿಡಿದು ಕೆಲವು ಹೈಕೋರ್ಟುಗಳು ಮುಂದೆ ಹೋಗಿವೆ. ಮಕ್ಕಳೊಡನೆ ಬಾವಿಗೆ ಹಾರಿ ತಾನೊಬ್ಬಳೇ ಬದುಕುಳಿದು ಕೊಲೆ ಆರೋಪ ಹೊತ್ತ ತಾಯಿಯ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 1989ರಲ್ಲಿ, ತಮಿಳು ಜನಪದ ಕತೆಯಲ್ಲಿ ಮಕ್ಕಳೊಡನೆ ಬಾವಿಗೆ ಬಿದ್ದ ನಲ್ಲತಂಗಾಳನ್ನು ನೆನೆದು, ಸತತ ಪ್ರಚೋದನೆಯೂ ಅಪವಾದವಾಗಬಲ್ಲದು ಎಂದು ಗುರುತಿಸಿತು. 2013ರಲ್ಲಿ ಗುವಾಹಟಿ ಹೈಕೋರ್ಟ್, ಗಂಡನ ಹೊಡೆತದಿಂದ ಜರ್ಜರಿತಳಾದ ಹೆಂಗಸಿನ ಮನಸ್ಥಿತಿಯನ್ನು ಗಣನೆಗೆ ತೆಗೆದುಕೊಂಡು ಕೊಲೆಯ ಶಿಕ್ಷೆಯನ್ನು ಇಳಿಸಿತು. ಇವು ಸಹೃದಯ ನ್ಯಾಯಮೂರ್ತಿಗಳ ತೀರ್ಪುಗಳು. ಹೈಕೋರ್ಟಿನವರೆಗೆ ಹೋಗಲು ಶಕ್ತಿಯಿದ್ದು, ಅಲ್ಲಿ ಅಂಥ ನ್ಯಾಯಮೂರ್ತಿಗಳೇ ಸಿಕ್ಕರೆ ಮಾತ್ರ ಒಬ್ಬ ಹೆಂಗಸಿಗೆ ಅದರ ಫಲ.

ಕೆಳಗಿನ ನ್ಯಾಯಾಲಯದಲ್ಲಿ ನಾನು ಕಂಡದ್ದು ಬೇರೆ. ನಾನು ಪ್ರತಿನಿಧಿಸಿದ ಒಬ್ಬಾಕೆಯ ಎಡಗೈಯ ಎರಡು ಬೆರಳುಗಳು ಮಡಿಸಲು ಬರುತ್ತಿರಲಿಲ್ಲ. ಗಂಡ ಬಾಗಿಲಿಗೆ ಸಿಕ್ಕಿಸಿ ಮುರಿದದ್ದು. ಆಸ್ಪತ್ರೆಯ ಚೀಟಿಯಲ್ಲಿ ‘ಜಾರಿ ಬಿದ್ದು ಪೆಟ್ಟು’ ಎಂದು ಬರೆದಿತ್ತು, ಏಕೆಂದರೆ ಅಂದು ಅವಳನ್ನು ಆಸ್ಪತ್ರೆಗೆ ಕರೆತಂದದ್ದು ಅವನೇ. ಅಷ್ಟೊಂದು ಹೊಡೆಯುತ್ತಿದ್ದರೆ ತವರಿಗೇಕೆ ಹೋಗಲಿಲ್ಲ, ಠಾಣೆಗೇಕೆ ಹೋಗಲಿಲ್ಲ ಎಂದು ಪಾಟೀಸವಾಲಿನಲ್ಲಿ ಅವಳ ಅತ್ತಿಗೆಯನ್ನು ಕೇಳಲಾಯಿತು. ಹೋಗಿದ್ದಳು, ಹಿರಿಯರು ಬುದ್ಧಿ ಹೇಳಿ ಮರಳಿ ಕಳಿಸಿದರು ಎಂದು ಆ ಅತ್ತಿಗೆ ಹೇಳಿದಾಗ, ಹಾಗಾದರೆ ರಾಜಿಯಾಗಿತ್ತು, ಆಮೇಲೆ ದ್ವೇಷದಿಂದ ಕೊಂದಿದ್ದಾಳೆ ಎಂಬ ವಾದಕ್ಕೆ ಆ ಉತ್ತರವೇ ಆಧಾರವಾಯಿತು. ಠಾಣೆಯಲ್ಲಿ ತನಿಖಾಧಿಕಾರಿ, ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕರು, ಊರಿನಲ್ಲಿ ಪಂಚಾಯಿತಿ ನಡೆಸಿದ ಹಿರಿಯರು, ಎಲ್ಲರೂ ಗಂಡಸರೇ. ಅವರಲ್ಲಿ ಯಾರೂ ಕೆಟ್ಟವರಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಹೆದರಿಕೊಂಡು ಬದುಕುವುದು ಹೇಗಿರುತ್ತದೆ ಎಂಬ ಕಲ್ಪನೆ ಮಾತ್ರ ಅವರಿಗೆ ಇರಲಿಲ್ಲ, ಕಾನೂನು ಅದನ್ನು ಕಲ್ಪಿಸಿಕೊಳ್ಳುವಂತೆ ಅವರನ್ನು ಕೇಳಲೂ ಇಲ್ಲ.

ಇದು ವಿರಳವಾದ ದುಃಖವೆಂದು ತಾವು ಭಾವಿಸಬಾರದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನ ಹಿಂಸೆಯನ್ನು ಅನುಭವಿಸಿದವರು. ಅವರಲ್ಲಿ ತಿರುಗಿ ಕೊಲ್ಲುವವರು ತೀರ ಕಡಿಮೆ, ಕೊಲೆಯಾಗುವವರೇ ಹೆಚ್ಚು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಸಂಸತ್ತು ದೈಹಿಕ, ಲೈಂಗಿಕ, ಮಾತಿನ ಮತ್ತು ಆರ್ಥಿಕ ಹಿಂಸೆಗಳನ್ನೆಲ್ಲ ಒಟ್ಟಾಗಿ ಗುರುತಿಸಿದೆ. ಹೆಂಗಸು ಹಿಂಸೆಗೊಳಗಾದವಳಾಗಿ ಬಂದಾಗ ಕಾನೂನು ಅವಳ ಇಡೀ ದಾಂಪತ್ಯವನ್ನು ನೋಡುತ್ತದೆ. ಅದೇ ಹೆಂಗಸು ಆರೋಪಿಯಾಗಿ ನಿಂತಾಗ ಕೊನೆಯ ಕೆಲವು ನಿಮಿಷಗಳನ್ನಷ್ಟೇ ನೋಡುತ್ತದೆ. ಈ ವಿರೋಧಾಭಾಸಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುತ್ತಿಲ್ಲ.

ಆದುದರಿಂದ ನನ್ನ ಮೊದಲ ಮತ್ತು ಮುಖ್ಯ ಕೋರಿಕೆ, 101ನೇ ಕಲಮಿನ ಮೊದಲನೇ ಅಪವಾದಕ್ಕೆ ಒಂದು ವಿವರಣೆಯನ್ನು ಸೇರಿಸಲು ಆಯೋಗ ಶಿಫಾರಸು ಮಾಡಬೇಕು ಎಂಬುದು. ಆರೋಪಿಯು ಸತ್ತ ವ್ಯಕ್ತಿಯಿಂದ ದೀರ್ಘಕಾಲ ಹಿಂಸೆಗೆ ಒಳಗಾಗಿದ್ದಲ್ಲಿ, ಆ ಹಿಂಸೆಯನ್ನು ಒಟ್ಟಾಗಿ ಪ್ರಚೋದನೆಯೆಂದು ಪರಿಗಣಿಸಬೇಕು. ಕೊನೆಯ ಕೃತ್ಯಕ್ಕೂ ಸಾವಿಗೂ ನಡುವೆ ಸಮಯ ಕಳೆದಿತ್ತೆಂಬ ಒಂದೇ ಕಾರಣಕ್ಕೆ ಅಪವಾದವನ್ನು ನಿರಾಕರಿಸಬಾರದು. ಕೋಪದಂತೆಯೇ ಗಂಭೀರ ಹಿಂಸೆಯ ಭಯವೂ ಆತ್ಮಸಂಯಮ ತಪ್ಪಲು ಕಾರಣವಾಗಬಲ್ಲದೆಂದು ಸ್ಪಷ್ಟವಾಗಿ ಬರೆಯಬೇಕು. ಇದು ಹೊಸ ಕಲ್ಪನೆಯಲ್ಲ. ಬ್ರಿಟನ್ನಿನ ಸಂಸತ್ತು 2009ರ ಕಾಯಿದೆಯಲ್ಲಿ ಹಳೆಯ ಪ್ರಚೋದನೆಯ ನಿಯಮವನ್ನೇ ತೆಗೆದುಹಾಕಿ, ಸಂಯಮ ತಪ್ಪಿದ್ದು ಹಠಾತ್ತಾಗಿ ಆಗಿರಬೇಕಿಲ್ಲವೆಂದೂ, ಗಂಭೀರ ಹಿಂಸೆಯ ಭಯ ಸಾಕಾದ ಕಾರಣವೆಂದೂ ಬರೆದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 1982ರಷ್ಟು ಹಿಂದೆಯೇ, ಹಿಂದೆಂದೋ ನಡೆದ ಕೃತ್ಯವೂ ಪ್ರಚೋದನೆಯಾಗಬಹುದೆಂದು ತನ್ನ ಕಾಯಿದೆಯನ್ನು ತಿದ್ದಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಹಠಾತ್’ ಎಂಬ ಷರತ್ತನ್ನು ಸುಮ್ಮನೆ ಅಳಿಸಿಬಿಟ್ಟರೆ, ಹೆಂಡತಿಯ ನಡತೆಯ ಮೇಲೆ ತಿಂಗಳುಗಟ್ಟಲೆ ಸಂಶಯಪಟ್ಟು ಅವಳನ್ನು ಕೊಂದ ಗಂಡ, ಮನೆತನದ ಮರ್ಯಾದೆಯ ಹೆಸರಿನಲ್ಲಿ ಮಗಳನ್ನು ಕೊಂದ ಅಪ್ಪ, ಇವರೂ ಅದರ ಲಾಭ ಪಡೆಯುತ್ತಾರೆ. ಲೈಂಗಿಕ ನಿಷ್ಠೆಯ ಕುರಿತ ಸಂಶಯವಾಗಲಿ, ಜಾತಿ ಅಥವಾ ಮನೆತನದ ಮರ್ಯಾದೆಯಾಗಲಿ ಪ್ರಚೋದನೆ ಎನಿಸಿಕೊಳ್ಳಬಾರದೆಂದು ಅದೇ ವಿವರಣೆಯಲ್ಲಿ ಹೇಳಬೇಕು. ಬ್ರಿಟನ್ನಿನ ಕಾಯಿದೆಯೂ ಲೈಂಗಿಕ ದ್ರೋಹವನ್ನು ಕಾರಣವಾಗಿ ಪರಿಗಣಿಸಬಾರದೆಂದು ಹೇಳಿದೆ.

ಇದರಿಂದ ಕೊಲೆಗೆ ಪರವಾನಗಿ ಕೊಟ್ಟಂತಾಗುತ್ತದೆ ಎಂಬ ಆಕ್ಷೇಪವನ್ನು ನಾನು ಬಲ್ಲೆ, ನನ್ನ ಸಹೋದ್ಯೋಗಿಗಳೇ ಅದನ್ನು ಎತ್ತುತ್ತಾರೆ. ಅಪವಾದ ಯಾರನ್ನೂ ಖುಲಾಸೆ ಮಾಡುವುದಿಲ್ಲ. ಸಾಯಿಸುವ ಉದ್ದೇಶವಿದ್ದಲ್ಲಿ ಸಂಹಿತೆಯ 105ನೇ ಕಲಮಿನಡಿ ಐದು ವರ್ಷಕ್ಕೆ ಕಡಿಮೆಯಿಲ್ಲದ, ಹತ್ತು ವರ್ಷದವರೆಗಿನ ಅಥವಾ ಜೀವಾವಧಿಯ ಶಿಕ್ಷೆ ಇದ್ದೇ ಇರುತ್ತದೆ. ಮರಣದಂಡನೆ ಅಥವಾ ಜೀವಾವಧಿ, ಇವೆರಡರ ಆಚೆಗೆ ಯೋಚಿಸಲು ನ್ಯಾಯಾಧೀಶರಿಗೆ ಅವಕಾಶವಿಲ್ಲದ 103ನೇ ಕಲಮಿನಿಂದ ಪ್ರಕರಣವನ್ನು ಹೊರತಂದು, ತೂಗಿ ನೋಡಿ ಶಿಕ್ಷೆ ವಿಧಿಸಲು ಅನುವು ಮಾಡಿಕೊಡಿ ಎಂಬುದಷ್ಟೇ ನನ್ನ ಬೇಡಿಕೆ.

ಸಾಕ್ಷ್ಯ ಕಾನೂನಿನ ಬಗ್ಗೆಯೂ ಒಂದು ಮಾತು. ಅಪವಾದದೊಳಗೆ ತನ್ನ ಪ್ರಕರಣ ಬರುತ್ತದೆಂದು ರುಜುವಾತು ಮಾಡುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಂತೆ ಆರೋಪಿಯದ್ದೇ. ಹಿಂಸೆಗೆ ಇದ್ದ ಒಬ್ಬನೇ ಸಾಕ್ಷಿ ಸತ್ತಿರುವಾಗ, ಬಿಡಿಗಾಸಿಲ್ಲದೆ ಸೆರೆಮನೆಯಲ್ಲಿರುವ ಹೆಂಗಸು ಅದನ್ನು ರುಜುವಾತು ಮಾಡುವುದಾದರೂ ಹೇಗೆ? ಆರೋಪಿಯು ಹಿಂಸೆಯ ಇತಿಹಾಸವನ್ನು ಪ್ರಸ್ತಾಪಿಸಿದ ಕೂಡಲೇ, ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ದಾಖಲೆ, ಹಳೆಯ ದೂರುಗಳು, ಆಸ್ಪತ್ರೆಯ ಕಡತಗಳು ಇವನ್ನೆಲ್ಲ ಕಲೆಹಾಕಿ ನ್ಯಾಯಾಲಯಕ್ಕೆ ಒಪ್ಪಿಸುವುದು ತನಿಖಾಧಿಕಾರಿಯ ಕಡ್ಡಾಯ ಕರ್ತವ್ಯವಾಗಬೇಕು.

ಕೊನೆಯದಾಗಿ, ಈಗಾಗಲೇ ಹಳೆಯ ಭಾರತೀಯ ದಂಡ ಸಂಹಿತೆಯ 302ನೇ ಕಲಮಿನಡಿ ಕೊಲೆಗಾಗಿ ಜೀವಾವಧಿ ಅನುಭವಿಸುತ್ತಿರುವ ಇಂಥ ಹೆಂಗಸರನ್ನು ಯಾವ ತಿದ್ದುಪಡಿಯೂ ತಾನಾಗಿ ಮುಟ್ಟುವುದಿಲ್ಲ. ಅವರ ಪ್ರಕರಣಗಳನ್ನು ಮರುಪರಿಶೀಲಿಸಿ ಶಿಕ್ಷೆ ಕಡಿತಕ್ಕೆ ಪರಿಗಣಿಸುವಂತೆ ರಾಜ್ಯ ಸರ್ಕಾರಗಳಿಗೆ ಆಯೋಗ ಸಲಹೆ ನೀಡಬೇಕು. ವರದಿ ಬರೆಯುವ ಮುನ್ನ ಆಯೋಗದ ಸದಸ್ಯರು ಮಹಿಳಾ ಸೆರೆಮನೆಗಳಿಗೆ ಖುದ್ದಾಗಿ ಬಂದು ಅವರ ಮಾತನ್ನು ಅವರವರ ಭಾಷೆಯಲ್ಲಿ ಕೇಳಬೇಕು; ಸಾರ್ವಜನಿಕ ಅಭಿಪ್ರಾಯಕ್ಕಾಗಿ ಪ್ರಕಟಿಸುವ ಪ್ರಶ್ನಾವಳಿಯನ್ನು ಕನ್ನಡವೂ ಸೇರಿದಂತೆ ಎಲ್ಲ ಪ್ರಾದೇಶಿಕ ಭಾಷೆಗಳಲ್ಲಿ ಹೊರತರಬೇಕು. ಪ್ರಕರಣಗಳ ವಿವರಗಳನ್ನು, ಕಕ್ಷಿದಾರರ ಒಪ್ಪಿಗೆ ಇರುವ ಮಟ್ಟಿಗೆ, ಆಯೋಗದ ಮುಂದೆ ಲಿಖಿತವಾಗಿ ಸಲ್ಲಿಸಲು ನಾನೂ ನನ್ನಂಥ ಇತರ ವಕೀಲರೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ನ್ಯಾಯಾಲಯವೊಂದರ ವಕೀಲೆ